ಹಳೇ ವಾಲ್ವ್ ಸೆಟ್ಟಿನಲ್ಲಿ ಹ್ಯಾಮ್ ಬ್ಯಾಂಡ್: ನಾನು ಕಟ್ಟಿದ ಕನ್ವರ್ಟರ್

ವಾಲ್ವ್ ರೇಡಿಯೋ, ಅಂದರೆ ಗಾಜಿನ ಟ್ಯೂಬುಗಳಿರುವ ಹಳೇ ಸೆಟ್ಟು, ಇಟ್ಟುಕೊಂಡವರಿಗೆಲ್ಲ ನಾನು ಹೇಳುವುದು ಇಷ್ಟೇ. ಅದರ ಒಳಗಿನ ವೈರಿಂಗ್ ಮುಟ್ಟಬೇಡಿ, ಕ್ಯಾಬಿನೆಟ್ಟಿಗೆ ತೂತು ಕೊರೆಯಬೇಡಿ. ಹೊಸ ಬ್ಯಾಂಡ್ ಬೇಕಾದರೆ ಹೊರಗೊಂದು ಕನ್ವರ್ಟರ್ (ಒಂದು ಬ್ಯಾಂಡಿನ ಸಿಗ್ನಲ್‌ಗಳನ್ನು ಇನ್ನೊಂದು ಬ್ಯಾಂಡಿಗೆ ಇಳಿಸುವ ಡಬ್ಬಿ) ಕಟ್ಟಿ ಏರಿಯಲ್ ಸಾಕೆಟ್ಟಿಗೆ ಸಿಕ್ಕಿಸಿ. ಬೇಡವಾದಾಗ ಕಿತ್ತಿಟ್ಟರೆ ಸೆಟ್ಟು ಮೊದಲಿದ್ದ ಹಾಗೇ ಇರುತ್ತದೆ.

ನನಗೆ ಬೇಕಿದ್ದದ್ದು ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ, 40 ಮೀಟರ್ ಬ್ಯಾಂಡ್, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್. ಸೆಟ್ಟಿನಲ್ಲೇ ಶಾರ್ಟ್‌ವೇವ್ ಇದೆಯಲ್ಲ, ಮತ್ತೆ ಇದ್ಯಾಕೆ ಅಂತ ಕೇಳಬಹುದು. ಹಳೇ ಡಯಲ್‌ನಲ್ಲಿ ಈ ಇಡೀ ಬ್ಯಾಂಡಿಗೆ ಸಿಗುವ ಜಾಗ ಮುಳ್ಳಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾಬ್ ಮುಟ್ಟಿದರೆ ಸ್ಟೇಷನ್ ಹಾರಿಹೋಗುತ್ತದೆ. ಸೆಟ್ಟು ಬಿಸಿಯಾದಂತೆ ಅದರೊಳಗೆ ಅಲೆ ಹುಟ್ಟಿಸುವ ಆಸಿಲೇಟರ್ ಬೇರೆ ಜಾರುತ್ತದೆ. ಅದೇ 200 ಕಿಲೋಹರ್ಟ್ಸ್ ಅನ್ನು ಮೀಡಿಯಂ ವೇವ್‌ಗೆ ಇಳಿಸಿದರೆ ಡಯಲ್‌ನ ಒಳ್ಳೇ ಭಾಗ ತುಂಬ ಹರಡಿಕೊಳ್ಳುತ್ತದೆ. ಟ್ಯೂನ್ ಮಾಡುವುದಕ್ಕೆ ಹಾಯಾಗಿರುತ್ತದೆ.

ಲೆಕ್ಕ ಸುಲಭ. ಕ್ರಿಸ್ಟಲ್ ಒಂದೇ ಫ್ರೀಕ್ವೆನ್ಸಿಯ ಅಲೆ ಹುಟ್ಟಿಸುತ್ತದೆ, ಅದರಿಂದ ಬರುವ ಸಿಗ್ನಲ್ಲನ್ನು ಕಳೆದು ಉಳಿದದ್ದು ಸೆಟ್ಟಿಗೆ ಹೋಗುತ್ತದೆ. 8 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ 7.0 ಹೋಗಿ 1000 ಕಿಲೋಹರ್ಟ್ಸ್‌ನಲ್ಲಿ ಕೂರುತ್ತದೆ, 7.2 ಹೋಗಿ 800ರಲ್ಲಿ. ಡಯಲ್ ತಿರುಗುಮುರುಗು ಓದಬೇಕು. ಹಳೇ ಗಾಜಿನ ಡಯಲ್‌ನಲ್ಲಿ ಮೀಟರ್ ಲೆಕ್ಕ ಬರೆದಿದ್ದರೆ 300 ಮೀಟರ್ ಅಂದರೆ 7.0, 375 ಮೀಟರ್ ಅಂದರೆ 7.2. ಕ್ರಿಸ್ಟಲ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಕೇಳಿದ ತಕ್ಷಣ ಸಿಗುತ್ತದೆ, ಮೈಕ್ರೋಕಂಟ್ರೋಲರ್ ಬೋರ್ಡಿಗೆ ಹಾಕುವುದೂ ಅದನ್ನೇ.

ಈ ಕಳೆಯುವ ಕೆಲಸ ಮಾಡುವ ಮಿಕ್ಸರ್‌ಗೆ ಎಸ್‌ಎ612 ಐಸಿ ಬಳಸಿದೆ. ಎಂಟೇ ಕಾಲು (ಪಿನ್), ಆಸಿಲೇಟರ್ ಒಳಗೇ ಇದೆ. 6ನೇ ಕಾಲಿಂದ ನೆಲಕ್ಕೆ (ಗ್ರೌಂಡ್) ಕ್ರಿಸ್ಟಲ್, 6 ಮತ್ತು 7ರ ನಡುವೆ ಒಂದು ಕೆಪಾಸಿಟರ್, 7ರಿಂದ ನೆಲಕ್ಕೆ ಇನ್ನೊಂದು. ಇದಕ್ಕೆ 8 ವೋಲ್ಟ್ ದಾಟಬಾರದು. ಹಾಗಾಗಿ 9 ವೋಲ್ಟ್ ಬ್ಯಾಟರಿಯಿಂದ 78ಎಲ್06 ಅನ್ನುವ ವೋಲ್ಟೇಜ್ ರೆಗ್ಯುಲೇಟರ್ ಮೂಲಕ 6 ವೋಲ್ಟ್ ಕೊಟ್ಟೆ. ಮೊಬೈಲ್ ಚಾರ್ಜರ್ ಬಳಸಬೇಡಿ, ಅದರ ಗಲಾಟೆಯೇ ಕೇಳಿಸುತ್ತದೆ.

ಏರಿಯಲ್ ಕಡೆಯ ಕಾಯಿಲ್‌ಗೆ ಟಿ50-2 ಅನ್ನುವ ಕೆಂಪು ಟೊರಾಯ್ಡ್ ಉಂಗುರ. 1 ಮತ್ತು 2ನೇ ಕಾಲಿಗೆ ಹೋಗುವ ಸುತ್ತು 32, ಏರಿಯಲ್‌ಗೆ 5. ದೊಡ್ಡ ಸುತ್ತಿಗೆ ಅಡ್ಡವಾಗಿ 82 ಪಿಕೋಫ್ಯಾರಡ್, ಜೊತೆಗೊಂದು 22ರ ಟ್ರಿಮ್ಮರ್, ಅಂದರೆ ತಿರುಗಿಸಿ ಹೊಂದಿಸುವ ಕೆಪಾಸಿಟರ್. ಔಟ್‌ಪುಟ್ 4ನೇ ಕಾಲಿಂದ 0.01 ಮೈಕ್ರೋಫ್ಯಾರಡ್ ಮೂಲಕ ಹೊರಗೆ ಬರುತ್ತದೆ.

ಟ್ರಿಮ್ಮರ್ ಕೂರಿಸುವುದು ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಮೀಟರ್, ಸ್ಕೋಪ್ ಏನೂ ಬೇಡ. ಸೆಟ್ಟನ್ನು 900ಕ್ಕೆ ಇಟ್ಟು, ಪ್ಲಾಸ್ಟಿಕ್ ಕಡ್ಡಿಯಿಂದ ಟ್ರಿಮ್ಮರನ್ನು ನಿಧಾನ ತಿರುಗಿಸಿ. ಒಂದು ಕಡೆ 'ಭುಸ್' ಅನ್ನುವ ಸದ್ದು ದಿಢೀರನೆ ಏರುತ್ತದೆ. ಮ್ಯಾಜಿಕ್ ಐ (ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಟ್ಯೂಬ್) ಇರುವ ಸೆಟ್ಟಾದರೆ ಅದರ ಹಸಿರು ಕಣ್ಣು ಅಲ್ಲೇ ಕಿರಿದಾಗುತ್ತದೆ. ಇಡೀ ಒಂದು ಸುತ್ತಿನಲ್ಲಿ ಇಂಥ ಎರಡು ಏರು ಸಿಗಬೇಕು. ಒಂದೇ ಸಿಕ್ಕರೆ ಟ್ರಿಮ್ಮರ್ ಕೊನೆಗೆ ಬಂದು ನಿಂತಿದೆ ಅಂತ ಅರ್ಥ. ಆಗ ಉಂಗುರದ ಸುತ್ತು ಒಂದೆರಡು ಹೆಚ್ಚು ಕಡಿಮೆ ಮಾಡಿ.

ಇನ್ನು ಬೆಂಗಳೂರಿನವರಿಗೆ ಆಕಾಶವಾಣಿಯ 612 ಕಿಲೋಹರ್ಟ್ಸ್ ಇದೆ, ಅದರ ಶಕ್ತಿ ಗೊತ್ತಲ್ವಾ? ಕನ್ವರ್ಟರ್‌ನಿಂದ ಸೆಟ್ಟಿಗೆ ಸುಮ್ನೆ ಒಂದು ವೈರ್ ಎಳೆದರೆ ಆ ವೈರೇ ಏರಿಯಲ್ ಆಗಿ ಮೀಡಿಯಂ ವೇವ್ ಸ್ಟೇಷನ್ನುಗಳನ್ನೆಲ್ಲ ಹಿಡಿಯುತ್ತದೆ. ಅದಕ್ಕೇ ಎಲ್ಲವನ್ನೂ ತಗಡಿನ ಬಿಸ್ಕೆಟ್ ಡಬ್ಬಿಯಲ್ಲಿ ಕೂರಿಸಿದೆ. ಹೊರಗೆ ಬರುವುದು ಲೋಹದ ಕವಚವಿರುವ ಗೇಣುದ್ದದ ಕೋಆಕ್ಸ್ ಕೇಬಲ್ ಮಾತ್ರ. ಒಳಗೇ ಏರಿಯಲ್ ಆಗಿ ಫೆರೈಟ್ ರಾಡ್ ಇರುವ ಸೆಟ್ಟು ಈ ಕೆಲಸಕ್ಕೆ ಆಗಿಬರುವುದಿಲ್ಲ, ಆ ರಾಡೇ ನೇರವಾಗಿ ಹಿಡಿದುಬಿಡುತ್ತದೆ.

ಮುಖ್ಯವಾದ ಮಾತು. ನಿಮ್ಮ ಸೆಟ್ಟಿನ ವಾಲ್ವ್‌ಗಳ ಹೆಸರು ಯುಸಿಎಚ್, ಯುಎಲ್ ಅಂತ 'ಯು'ದಿಂದ ಶುರುವಾಗಿದ್ದರೆ ಅದು ಹೆಚ್ಚಾಗಿ ಎಸಿ/ಡಿಸಿ ಸೆಟ್ಟು. ಅದರ ಚಾಸಿ (ಒಳಗಿನ ಲೋಹದ ತಟ್ಟೆ) ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಕೋಆಕ್ಸ್‌ನ ಹೊರಕವಚ ಅಲ್ಲಿಗೆ ಸೇರಿಸಿದರೆ ಡಬ್ಬಿ ಮುಟ್ಟಿದವರಿಗೆ ಶಾಕ್ ಗ್ಯಾರಂಟಿ, ಪ್ರಾಣಕ್ಕೇ ಅಪಾಯ. ಇಸಿಎಚ್81, ಇಎಲ್84 ಇರುವ, ಟ್ರಾನ್ಸ್‌ಫಾರ್ಮರ್ ಸೆಟ್ಟನ್ನೇ ಆರಿಸಿಕೊಳ್ಳಿ. ನನ್ನದು ಅಂಥದ್ದು.

ಹ್ಯಾಮ್‌ಗಳು ಎಸ್‌ಎಸ್‌ಬಿಯಲ್ಲಿ, ಅಂದರೆ ದನಿಯನ್ನು ಹೊರುವ ಮೂಲ ಅಲೆಯನ್ನು ಬಿಟ್ಟು ಕಳಿಸುವ ವಿಧಾನದಲ್ಲಿ, ಮಾತಾಡುತ್ತಾರೆ. ಮಾಮೂಲಿ ರೇಡಿಯೋದಲ್ಲಿ ಅದು ಮೂಗು ಹಿಡಿದು ಗೊಣಗಿದ ಹಾಗೆ ಕೇಳಿಸುತ್ತದೆ, ಒಂದಕ್ಷರವೂ ತಿಳಿಯುವುದಿಲ್ಲ. ಅದಕ್ಕೆ ಬಿಎಫ್‌ಓ, ಅಂದರೆ ಬಿಟ್ಟುಹೋದ ಆ ಅಲೆಯನ್ನು ಸೆಟ್ಟಿನಲ್ಲೇ ಮತ್ತೆ ಸೇರಿಸುವ ಆಸಿಲೇಟರ್, ಬೇಕು. ಅದು ಸೆಟ್ಟಿನ ಐಎಫ್‌ನಲ್ಲಿ, ಅಂದರೆ ಸೆಟ್ಟು ಎಲ್ಲ ಸ್ಟೇಷನ್ನನ್ನೂ ಒಳಗೆ ಬದಲಾಯಿಸಿಕೊಳ್ಳುವ ಫ್ರೀಕ್ವೆನ್ಸಿಯಲ್ಲಿ, ಓಡಬೇಕು. ಹಳೇ ಟಿವಿ ರಿಮೋಟ್ ಬಿಚ್ಚಿದರೆ 455 ಕಿಲೋಹರ್ಟ್ಸ್‌ನ ರೆಸೊನೇಟರ್ ಎಷ್ಟೋ ಸಲ ಸಿಗುತ್ತದೆ. ಅದನ್ನೂ ಒಂದು ಬಿಸಿ547 ಟ್ರಾನ್ಸಿಸ್ಟರನ್ನೂ ಸೇರಿಸಿ ಪುಟ್ಟ ಆಸಿಲೇಟರ್ ಮಾಡಿದೆ. ಇದನ್ನೂ ಸೆಟ್ಟಿಗೆ ಬೆಸೆಯುವುದು ಬೇಡ. ಪ್ಲಗ್ ಕಿತ್ತು, ಐಎಫ್ ವಾಲ್ವ್‌ನ ಗಾಜಿಗೆ ಇನ್ಸುಲೇಷನ್ ಇರುವ ವೈರನ್ನು ಸಡಿಲವಾಗಿ ಒಂದು ಸುತ್ತು ಹಾಕಿದರೆ ಸಾಕು. ಕೆಲವು ಸೆಟ್ಟುಗಳ ಐಎಫ್ 470 ಇರುತ್ತದೆ, ಮೊದಲು ನೋಡಿಕೊಳ್ಳಿ. ಬಿಎಫ್‌ಓ ಜೋರಾದರೆ ಎಜಿಸಿ (ಸಿಗ್ನಲ್ ಜೋರಾದಾಗ ಸೆಟ್ಟನ್ನು ತಾನಾಗಿ ತಗ್ಗಿಸುವ ಭಾಗ) ಸೆಟ್ಟಿನ ಬಾಯಿ ಮುಚ್ಚಿಸುತ್ತದೆ, ವೈರನ್ನು ದೂರ ಸರಿಸಿ.

ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಆ ಗೊಣಗು ಒಂದು ಕಡೆ ಮನುಷ್ಯರ ದನಿಯಾಗುತ್ತದೆ. ವಿಯು2, ವಿಯು3 ಅಂತ ಶುರುವಾಗುವ, ಭಾರತದ ಹ್ಯಾಮ್‌ಗಳ ಕರೆಗಳು ಬೆಳಿಗ್ಗೆ ಹೊತ್ತು ಚೆನ್ನಾಗಿ ಬರುತ್ತವೆ. ವಾಲ್ವ್ ಸೆಟ್ಟಿನ ದೊಡ್ಡ ಸ್ಪೀಕರಿನಲ್ಲಿ ಆ ದನಿಗಳಿಗಿರುವ ತುಂಬು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಡಯಲನ್ನು 800ರಿಂದ ಕೆಳಗೆ ತಂದರೆ 41 ಮೀಟರ್ ಪ್ರಸಾರ ಬ್ಯಾಂಡೂ ಇದೇ ಡಬ್ಬಿಯಲ್ಲಿ ಸಿಗುತ್ತದೆ. ಕತ್ತಲಾದ ಮೇಲೆ ವಿದೇಶಿ ಸ್ಟೇಷನ್ನುಗಳು ಬರುತ್ತವೆ. ಅವು ಎಎಂ ಪ್ರಸಾರ, ಮೂಲ ಅಲೆ ಜೊತೆಗೇ ಬರುತ್ತದೆ, ಬಿಎಫ್‌ಓ ಆಫ್ ಮಾಡಿ ಕೇಳಿ.