ಏಳು ಹೆಸರು, ಎರಡು ಊರು: ಬಾಂಬರ್ ತಂಡವೊಂದರ ಕಡತ ಕಟ್ಟುವ ಬಗೆ

ಬಾಂಬರ್ ತಂಡವೊಂದರ ಕಡತ ಕಟ್ಟಲು ಕೂತಾಗ ನಾನು ಮೊದಲು ತೆರೆಯುವುದು ಸಮಾಧಿಗಳ ಪಟ್ಟಿ. ವಿಮಾನದ ಕಥೆ ಆಮೇಲೆ. ವಿಮಾನ ಒಂದೇ ಆದರೂ ಅದರಲ್ಲಿದ್ದವರು ದಾಖಲೆಯಲ್ಲಿ ಒಂದೇ ಕಡೆ ಸಿಗುವುದು ಅಪರೂಪ. ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್ ಇಡಿ 934ನ್ನೇ ತೆಗೆದುಕೊಳ್ಳಿ.

1943ರ ಮೇ 16ರ ರಾತ್ರಿ ಇಂಗ್ಲೆಂಡಿನ ಸ್ಕ್ಯಾಂಪ್ಟನ್ ನೆಲೆಯಿಂದ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್‌ನ 19 ಲ್ಯಾಂಕಾಸ್ಟರ್‌ಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. 8 ಮರಳಲಿಲ್ಲ. ಹೋದ 133 ಜನರಲ್ಲಿ 53 ಮಂದಿ ಸತ್ತರು, 3 ಮಂದಿ ಸೆರೆ ಸಿಕ್ಕರು. ಇಡಿ 934ಕ್ಕೆ ಗೊತ್ತುಮಾಡಿದ್ದು ಸೋರ್ಪೆ ಅಣೆಕಟ್ಟು. ನೆದರ್‌ಲ್ಯಾಂಡ್ಸ್‌ನ ಕರಾವಳಿ ದಾಟುವಾಗಲೇ, ಟೆಕ್ಸೆಲ್ ದ್ವೀಪದ ಬಳಿ, ಜರ್ಮನ್ ಫಿರಂಗಿಗಳ ಏಟು ತಿಂದು ವಾಡನ್ ಸಮುದ್ರಕ್ಕೆ ಬಿತ್ತು. ಪೈಲಟ್ ಕೆನಡಾದ ವರ್ನನ್ ಬಯರ್ಸ್. ಜೊತೆಗೆ ಫ್ಲೈಟ್ ಎಂಜಿನಿಯರ್ ಟೇಲರ್, ನ್ಯಾವಿಗೇಟರ್ ವಾರ್ನರ್, ವೈರ್‌ಲೆಸ್ ಆಪರೇಟರ್ ವಿಲ್ಕಿನ್ಸನ್, ಬಾಂಬ್ ಏಮರ್ ವಿಟೇಕರ್, ಮುಂದಿನ ಗನ್ನರ್ ಜಾರ್ವಿ, ಹಿಂದಿನ ಗನ್ನರ್ ಮ್ಯಾಕ್‌ಡವೆಲ್. ಈ ದಾಳಿಗಾಗಿ ಲ್ಯಾಂಕಾಸ್ಟರ್‌ನ ಬೆನ್ನಿನ ಮೇಲಿನ ಗನ್ ಗೋಪುರ ತೆಗೆದು ಆ ಗನ್ನರ್‌ನನ್ನು ಮೂತಿಯಲ್ಲಿ ಕೂರಿಸಿದ್ದರು. ‘ಮುಂದಿನ ಗನ್ನರ್’ ಎಂಬ ಹುದ್ದೆ ಬಂದದ್ದು ಅದರಿಂದ. ಬೇರೆ ದಾಳಿಗಳ ತಂಡಕ್ಕೆ ಇದನ್ನು ನಕಲು ಮಾಡಬೇಡಿ.

ಮೊದಲ ಹುಡುಕಾಟ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ. ಒಂದೇ ತಾರೀಖು ಕೊಟ್ಟು ಹುಡುಕಿದರೆ ಅರ್ಧ ತಂಡ ತಪ್ಪಿಹೋಗಬಹುದು. ರಾತ್ರಿ ದಾಳಿಗೆ ಎರಡು ತಾರೀಖು ಇರುತ್ತವೆ. ಇಡಿ 934 ಬಿದ್ದದ್ದು ನಡುರಾತ್ರಿಗೆ ಮುಂಚೆ, 16ರಂದೇ. ವಾಪಸು ಬರಬೇಕಿದ್ದದ್ದು 17ರ ಬೆಳಗಿನ ಜಾವ. ಕಚೇರಿಯವರು ಎರಡರಲ್ಲಿ ಯಾವುದನ್ನೂ ಬರೆದಿರಬಹುದು. ಸಮುದ್ರಕ್ಕೆ ಬಿದ್ದ ವಿಮಾನವಾದರೆ ಹುಡುಕುವ ಅವಧಿಯನ್ನು ಇನ್ನೂ ಆರೇಳು ವಾರ ಮುಂದಕ್ಕೆ ಎಳೆಯುತ್ತೇನೆ. ದೇಹ ಸಿಕ್ಕ ದಿನವನ್ನೇ ಸತ್ತ ದಿನ ಎಂದು ಬರೆದಿರುವುದುಂಟು. ಅಲೆ ಎಲ್ಲಿಗೆ ಒಯ್ದಿತೋ ಅಲ್ಲಿಯೇ ಮಣ್ಣು ಮಾಡಿರುತ್ತಾರೆ. ಹಾಗಾಗಿ ಹತ್ತಿರದ ಒಂದು ಸ್ಮಶಾನ ನೋಡಿ ನಿಲ್ಲಿಸಬಾರದು. ಮ್ಯಾಕ್‌ಡವೆಲ್ ದೇಹ ಸಿಕ್ಕಿದ್ದು ಜೂನ್ 22ಕ್ಕೆ. ಅವರ ಸಮಾಧಿ ಹಾರ್ಲಿಂಗನ್ ಊರಿನಲ್ಲಿದೆ. ಉಳಿದ ಆರು ಜನರಿಗೆ ಸಮಾಧಿಯೇ ಇಲ್ಲ. ಅವರ ಹೆಸರು ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕದ ಗೋಡೆಯಲ್ಲಿದೆ. 1953ರಲ್ಲಿ ತೆರೆದ ಆ ಸ್ಮಾರಕದಲ್ಲಿ ಇಂಥ 20,000ಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿಯೂ ತಂಡ ಒಟ್ಟಿಗೆ ಸಿಗದು. ಸತ್ತ ವರ್ಷ, ವಾಯುಪಡೆ, ದರ್ಜೆ ಎಂದು ವಿಂಗಡಿಸಿರುವುದರಿಂದ ಕೆನಡಾದವರು ಒಂದು ಫಲಕದಲ್ಲಿ, ಬ್ರಿಟಿಷರು ಇನ್ನೊಂದರಲ್ಲಿ. (ಬಂಗಾಳದ ನೆಲೆಗಳಿಂದ ಲಿಬರೇಟರ್ ಬಾಂಬರ್ ಹಾರಿಸಿ ಬರ್ಮಾದಲ್ಲಿ ಕಾಣೆಯಾದ ಬ್ರಿಟಿಷ್ ವಾಯುಪಡೆಯವರನ್ನು ರನ್ನಿಮೀಡ್‌ನಲ್ಲಿ ಹುಡುಕಿ ಫಲವಿಲ್ಲ. ಅವರ ಹೆಸರಿರುವುದು ಸಿಂಗಪುರದ ಕ್ರಾಂಜಿಯಲ್ಲಿ.)

ನೆಲಕ್ಕೆ ಬಿದ್ದ ವಿಮಾನವಾದರೆ ಸಮಾಧಿಯ ಸಂಖ್ಯೆಯೇ ಸಾಕಷ್ಟು ಹೇಳುತ್ತದೆ. ಕಮಿಷನ್‌ನ ಸಮಾಧಿ ನೋಂದಣಿ ಹಾಳೆಯಲ್ಲಿ ‘ಕಲೆಕ್ಟಿವ್’ ಎಂದು ಬರೆದು 4ರಿಂದ 7 ಎಂದಿದ್ದರೆ, ಆ ನಾಲ್ವರನ್ನು ಬೇರೆ ಬೇರೆಯಾಗಿ ಗುರುತಿಸಲು ಆಗಲಿಲ್ಲ ಎಂದರ್ಥ. ‘ಜಾಯಿಂಟ್’ ಎಂದರೆ ಇಬ್ಬರದು. ಈ ಹಾಳೆಗಳನ್ನು ಇಳಿಸಿಕೊಳ್ಳಬಹುದು. ಹೊಡೆದು ಹಾಕಿ ತಿದ್ದಿದ ಸಾಲುಗಳನ್ನು ಬಿಡದೆ ಓದಿ. ಮೊದಲು ‘ಅಪರಿಚಿತ’ ಎಂದಿದ್ದವನಿಗೆ ಹೆಸರು ಸಿಕ್ಕಿದ್ದು ಅಲ್ಲೇ ಕಾಣುತ್ತದೆ.

ಎರಡನೆಯದು ಸ್ಕ್ವಾಡ್ರನ್ನಿನ ದಿನಚರಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇವು ಏರ್ 27 ಎಂಬ ಸರಣಿಯಲ್ಲಿವೆ. 617ರದು ಏರ್ 27/2128. ಫಾರಂ 540 ದಿನದ ಸಾರಾಂಶವಷ್ಟೇ. ನಮಗೆ ಬೇಕಾದ್ದು ಫಾರಂ 541: ವಿಮಾನದ ಸಂಖ್ಯೆ, ತಂಡ, ಏರಿದ ಹೊತ್ತು, ಇಳಿದ ಹೊತ್ತು. ಮರಳದ ವಿಮಾನದ ಸಾಲಿನಲ್ಲಿ ಇಳಿದ ಹೊತ್ತಿನ ಮನೆ ಖಾಲಿ. ಹೆಸರನ್ನು ಎಣಿಸಿಯೇ ನೋಡಿ. ಅನುಭವಕ್ಕೆಂದು ಹೊಸ ಪೈಲಟ್ ಒಬ್ಬ ಜೊತೆಗೆ ಹೋಗಿದ್ದರೆ ಎಂಟು ಜನ ಆಗುತ್ತಾರೆ. ಟೈಪ್ ಮಾಡಿದ ಗುಮಾಸ್ತನಿಂದ ಹೆಸರಿನ ಕಾಗುಣಿತ ತಪ್ಪಿರುವುದು ಮಾಮೂಲು. ಬದುಕಿ ಸೆರೆಯಾದವರ ಪ್ರಶ್ನಾವಳಿ ಅದೇ ಪತ್ರಾಗಾರದ ಡಬ್ಲ್ಯುಒ 344 ಸರಣಿಯಲ್ಲಿ, ತಪ್ಪಿಸಿಕೊಂಡು ಬಂದವರ ಹೇಳಿಕೆ ಡಬ್ಲ್ಯುಒ 208ರಲ್ಲಿ.

ಬೇಗ ಫಲ ಕೊಡುವ ದಾರಿ ಇನ್ನೊಂದಿದೆ. ತಂಡದಲ್ಲಿ ಕೆನಡಾ ಅಥವಾ ಆಸ್ಟ್ರೇಲಿಯಾದವರು ಒಬ್ಬರಿದ್ದರೂ ಸಾಕು, ಅವರ ಕಡತ ಮೊದಲು ತೆರೆಯಿರಿ. ಯುದ್ಧದಲ್ಲಿ ಸತ್ತ ಕೆನಡಾದವರ ಸೇವಾ ಕಡತಗಳು ಡಿಜಿಟಲ್ ಆಗಿವೆ. ಆಸ್ಟ್ರೇಲಿಯಾದವರ ಸಾವಿನ ಕಡತಗಳು ಆ ದೇಶದ ರಾಷ್ಟ್ರೀಯ ಪತ್ರಾಗಾರದ ಎ705 ಸರಣಿಯಲ್ಲಿ ಸಿಗುತ್ತವೆ. ಆ ಒಬ್ಬನ ಕಡತದೊಳಗೆ ಇಡೀ ತಂಡದ ವಿಚಾರಣೆ, ಯುದ್ಧದ ನಂತರ ಸಮಾಧಿ ತೆಗೆಸಿ ನೋಡಿದ ಶೋಧಕರ ವರದಿ, ಮನೆಯವರಿಗೆ ಹೋದ ಪತ್ರ ಎಲ್ಲ ಸೇರಿರುತ್ತವೆ. ಇಡಿ 934ರಲ್ಲಿ ಕೆನಡಾದವರು ಇಬ್ಬರು, ಬಯರ್ಸ್ ಮತ್ತು ಮ್ಯಾಕ್‌ಡವೆಲ್.

ವಿಮಾನದ ಗುರುತಿನಲ್ಲಿ ಎಡವುವವರೇ ಹೆಚ್ಚು. ಎಜೆ-ಕೆ ಎಂಬುದು ಇಡಿ 934ರ ಒಡಲಿನ ಮೇಲೆ ಬಳಿದಿದ್ದ ಅಕ್ಷರ. ಒಂದು ವಿಮಾನ ಹೋದರೆ ಅದೇ ಅಕ್ಷರ ಮುಂದಿನದಕ್ಕೆ ಬರುತ್ತದೆ. ಬದಲಾಗದ್ದು ಇಡಿ 934 ಎಂಬ ಕ್ರಮಸಂಖ್ಯೆ. ಅವಶೇಷ ಕೈಯಲ್ಲಿದ್ದರೂ ತಪ್ಪಬಹುದು. ನೆದರ್‌ಲ್ಯಾಂಡ್ಸ್‌ನ ಮಾರ್ಕರ್ ಸರೋವರದಲ್ಲಿ 2008ರಲ್ಲಿ ರಕ್ಷಣಾ ದೋಣಿಯೊಂದು ಮೇಲೆತ್ತಿದ ಲ್ಯಾಂಡಿಂಗ್ ಗೇರ್ ತುಂಡಿನಿಂದ ಗೊತ್ತಾದ ಸ್ಟರ್ಲಿಂಗ್ ಬಾಂಬರನ್ನು ಮೊದಲು ಬಿಕೆ 710 ಎಂದೇ ನಂಬಿದ್ದರು. ಅದು 218ನೇ ಸ್ಕ್ವಾಡ್ರನ್ನಿನ ಬಿಕೆ 716 ಎಂದು ಆಮೇಲೆ ಖಚಿತವಾಗಿ, 2020ರಲ್ಲಿ ಮೇಲೆತ್ತಿದರು. ಬಿಕೆ 710 ಎಂದೇ ಸ್ಮಾರಕ ಫಲಕ ಕೆತ್ತಿಸಿದ್ದರೆ ಏಳೂ ಹೆಸರು ತಪ್ಪಾಗುತ್ತಿದ್ದವು.

ಹೊತ್ತನ್ನು ಹೊಂದಿಸುವಾಗಲೂ ಎಚ್ಚರ ಬೇಕು. 1943ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಜರ್ಮನಿಯ ಗಡಿಯಾರ ಒಂದೇ ಇತ್ತು. ಆಗಸ್ಟ್ 15ಕ್ಕೆ ಬ್ರಿಟನ್ ಒಂದು ಗಂಟೆ ಹಿಂದಕ್ಕೆ ತಿರುಗಿಸಿತು, ಜರ್ಮನಿ ತಿರುಗಿಸಿದ್ದು ಅಕ್ಟೋಬರಿನಲ್ಲಿ. ಆ ನಡುವಿನ ವಾರಗಳಲ್ಲಿ ಜರ್ಮನ್ ರಾತ್ರಿ ಫೈಟರಿನವನು ತಾನು ಹೊಡೆದುರುಳಿಸಿದೆ ಎಂದು ಹೇಳಿಕೊಂಡ ಹೊತ್ತನ್ನು ಬ್ರಿಟಿಷ್ ದಿನಚರಿಯ ಪಕ್ಕದಲ್ಲಿ ಹಾಗೇ ಇಟ್ಟರೆ ಬೇರೆ ಯಾವುದೋ ವಿಮಾನಕ್ಕೆ ಅಂಟಿಕೊಳ್ಳುತ್ತದೆ.

ಬಿದ್ದ ಜಾಗ ಗೊತ್ತಾಯಿತೆಂದು ಲೋಹಶೋಧಕ ಹಿಡಿದು ಹೋಗಬೇಡಿ. ಬ್ರಿಟನ್ನಿನಲ್ಲಿ 1986ರ ಕಾನೂನಿನ ಪ್ರಕಾರ ಪತನವಾದ ಪ್ರತಿ ಸೇನಾ ವಿಮಾನವೂ ರಕ್ಷಿತ. ರಕ್ಷಣಾ ಸಚಿವಾಲಯದ ಪರವಾನಗಿ ಇಲ್ಲದೆ ಅಗೆಯುವಂತಿಲ್ಲ.

ತಂಡದ ನೆನಪಿಗೆ ಕೆತ್ತಿಸುವ ಫಲಕದ ಮಾತು ಬಂದಾಗ ನಾನು ಹೆಸರು, ದರ್ಜೆ, ಹುದ್ದೆ, ವಾಯುಪಡೆ, ಸಮಾಧಿಯ ಊರು ಇಷ್ಟನ್ನೇ ಹಾಕಿಸುತ್ತೇನೆ. ವಯಸ್ಸು ಹಾಕುವುದಾದರೆ ಜನನ ದಾಖಲೆ ನೋಡಿಯೇ. ಕಮಿಷನ್‌ನ ಪಟ್ಟಿಯ ವಯಸ್ಸು ಮನೆಯವರು ತುಂಬಿ ಕಳಿಸಿದ್ದು. ದರ್ಜೆಯಲ್ಲಿ ದಿನಚರಿಗೂ ಕಮಿಷನ್‌ಗೂ ಹೊಂದದಿದ್ದರೆ ಬಡ್ತಿಯ ಆದೇಶ ತಡವಾಗಿ ಬಂದಿರಬಹುದು. ಕೆನಡಾದವರಲ್ಲಿ ಸೇವಾ ಸಂಖ್ಯೆಯ ಮೊದಲ ಅಕ್ಷರವೇ ಇದನ್ನು ತೋರಿಸುತ್ತದೆ: ಸಾರ್ಜೆಂಟ್ ಆಗಿದ್ದಾಗ ಆರ್, ಅಧಿಕಾರಿಯಾದ ಮೇಲೆ ಜೆ. ಅಂಥ ಕಡೆ ಕಮಿಷನ್‌ನ ದರ್ಜೆಯನ್ನೇ ಉಳಿಸಿಕೊಳ್ಳುತ್ತೇನೆ. ಕೆತ್ತುವವರು ಕಳಿಸಿದ ಕರಡನ್ನು ಒಬ್ಬರು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಸೇವಾ ಕಡತ ಹಿಡಿದು ತಾಳೆ ನೋಡಬೇಕು. ಟೇಲರ್, ವಿಲ್ಕಿನ್ಸನ್‌ನಂಥ ಸಾಮಾನ್ಯ ಹೆಸರುಗಳಲ್ಲಿ ಇನಿಷಿಯಲ್ ತಪ್ಪಿದರೆ ಅದು ಬೇರೊಬ್ಬನ ಹೆಸರಾಗಿಬಿಡುತ್ತದೆ.