ಅಮೆರಿಕದಲ್ಲಿ ಬೇಲಿ ಹಾಕಲು ಹೊರಟ ಮಲೆನಾಡಿನವರಿಗೆ

ಹೊಸನಗರ, ತೀರ್ಥಹಳ್ಳಿ ಕಡೆ ಬೇಲಿ ಅಂದರೆ ಮಳೆ ಹಿಡಿಯುವ ಮುಂಚೆ ಮುಗಿಸುವ ಕೆಲಸ. ಗೂಟ ಹುಗಿದು, ಅಡಿಕೆ ದಬ್ಬೆ ಬಿಗಿದು, ದಣಪೆ ಇಟ್ಟರೆ ಆಯಿತು. ಪಕ್ಕದ ತೋಟದವರು ಗಡಿಕಲ್ಲಿನ ತಗಾದೆ ತೆಗೆದರೆ ಮಾತ್ರ ಪಂಚಾಯಿತಿ. ಅಮೆರಿಕದಲ್ಲಿ ಕಾಗದ ಮೊದಲು, ಗುದ್ದಲಿ ಆಮೇಲೆ. ಊರಿಂದ ಮಗಳ ಮನೆಗೆ ಬಂದ ಅಪ್ಪಯ್ಯ ‘ಇದಕ್ಕೆಂಥ ಪರ್ಮಿಷನ್ನು ಮಾರಾಯ್ತಿ, ಎರಡು ದಿನದ ಕೆಲಸ’ ಎಂದು ಎದ್ದರೆ ಇನ್ನೊಂದು ಲೋಟ ಕಾಫಿ ಕೊಟ್ಟು ಕೂರಿಸಿ.

ಮನೆ ಕೊಂಡಾಗ ಬಂದ ಕಾಗದದ ಕಟ್ಟಿನಲ್ಲಿ ಸರ್ವೆ ನಕ್ಷೆ ಇದೆಯೇ ನೋಡಿ. ಅದರಲ್ಲಿ ‘ಈಸ್‌ಮೆಂಟ್’ ಎಂದು ಗುರುತಿಸಿದ ಪಟ್ಟಿ ನಿಮ್ಮದೇ ಜಾಗ. ಆದರೆ ಕರೆಂಟಿನವರಿಗೋ ಚರಂಡಿಯವರಿಗೋ ಅಲ್ಲಿ ಅಗೆಯುವ ಹಕ್ಕಿರುತ್ತದೆ. ಅವರು ಬೇಲಿ ಕಿತ್ತರೆ ತಿರುಗಿ ಹಾಕಿಕೊಡುವ ಹೊಣೆ ಸಾಮಾನ್ಯವಾಗಿ ಅವರದಲ್ಲ. ಆಮೇಲೆ ಎಚ್‌ಓಎ, ಅಂದರೆ ಬಡಾವಣೆಯ ಸಂಘ. ಎತ್ತರ, ಮರದ ಜಾತಿ, ಬಣ್ಣ ಎಲ್ಲಕ್ಕೂ ಇವರ ಲಿಖಿತ ಒಪ್ಪಿಗೆ ಬೇಕಾಗಬಹುದು, ಕೇಳದೆ ಹಾಕಿದರೆ ತೆಗೆಸುತ್ತಾರೆ ಕೂಡ. ಸಿಟಿಯ ಪರ್ಮಿಟ್ ಇದಕ್ಕಿಂತ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಬಹಳ ಊರುಗಳಲ್ಲಿ ಹಿತ್ತಿಲಿಗೆ 6 ಅಡಿ, ಮುಂಭಾಗಕ್ಕೆ 3-4 ಅಡಿ ಮಿತಿ. ಹಲಗೆಯ ಚಂದದ ಮುಖ ನೆರೆಯವರ ಕಡೆಗಿರಬೇಕು ಎಂಬ ನಿಯಮವೂ ಹಲವೆಡೆ ಉಂಟು. ದುಡ್ಡು ನಮ್ಮದು, ಚಂದ ಅವರಿಗೆ!

ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಗಡಿಬೇಲಿಯ ಖರ್ಚನ್ನು ಸಾಮಾನ್ಯವಾಗಿ ಇಬ್ಬರೂ ಸಮನಾಗಿ ಹೊರಬೇಕೆಂದು ಕಾನೂನೇ ಹೇಳುತ್ತದೆ, ಆದರೆ 30 ದಿನ ಮುಂಚೆ ಬರಹದಲ್ಲಿ ತಿಳಿಸಿರಬೇಕು.

ಇನ್ನು ಗುಂಡಿ. ಇದೊಂದರಲ್ಲಿ ಮಾತ್ರ ಉಡಾಫೆ ಬೇಡ. ನೆಲದಡಿಯ ತಂತಿ, ಪೈಪು ಎಲ್ಲೆಲ್ಲಿವೆ ಎಂದು ಗುರುತಿಸಿಕೊಡಲು ಕೆಲಸ ಶುರುಮಾಡುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ, ಖರ್ಚಿಲ್ಲ. ಅವರು ಸುದ್ದಿ ಮುಟ್ಟಿಸಿದ ಮೇಲೆ ಆಯಾ ಕಂಪನಿಯವರು ಬಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ: ಕೆಂಪು ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಕಿತ್ತಳೆ ಫೋನು-ಇಂಟರ್ನೆಟ್ಟು, ಹಸಿರು ಚರಂಡಿ. ಗೆರೆಯ ಅಕ್ಕಪಕ್ಕ ಯಂತ್ರ ಇಳಿಸದೆ ಕೈಯಲ್ಲೇ ಅಗೆಯಬೇಕು. ನಿಮ್ಮ ಸ್ವಂತ ಸ್ಪ್ರಿಂಕ್ಲರ್ ಪೈಪನ್ನು ಅವರು ಗುರುತು ಮಾಡುವುದಿಲ್ಲ.

6 ಅಡಿ ಬೇಲಿಗೆ 8 ಅಡಿ ಕಂಬ ತಂದು 2 ಅಡಿ ಹುಗಿಯುವುದು ರೂಢಿ. ಮಿನ್ನೆಸೊಟಾದಂಥ ಚಳಿಯ ರಾಜ್ಯಗಳಲ್ಲಿ ಅದು ಸಾಲದು. ಅಲ್ಲಿ ನೆಲ ಮೂರ್ನಾಲ್ಕು ಅಡಿ ಆಳದವರೆಗೂ ಹೆಪ್ಪುಗಟ್ಟಿ ಉಬ್ಬಿ ಕಂಬವನ್ನೇ ಮೇಲಕ್ಕೆತ್ತುತ್ತದೆ. ಸೀಡರ್ ಹಲಗೆಯಾದರೆ ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಚೆನ್ನಾಗಿ ಸತು ಲೇಪಿಸಿದ ಮೊಳೆ ತನ್ನಿ. ಸಾದಾ ಕಬ್ಬಿಣದ್ದು ಹೊಡೆದರೆ ಮರದ ಒಗರಿಗೆ ಮೊಳೆಯಿಂದ ಕೆಳಗೆ ಕಪ್ಪು ಕಲೆ ಇಳಿಯುತ್ತದೆ.

ಪೇಂಟೋ ಸ್ಟೇನೋ (ಮರ ಹೀರಿಕೊಳ್ಳುವ ತೆಳು ಬಣ್ಣ) ಅಂತ ಕೇಳಿದರೆ ನನ್ನ ಓಟು ಸ್ಟೇನಿಗೆ. ಪೇಂಟು ಮರದ ಮೇಲೆ ಪದರವಾಗಿ ಕೂರುತ್ತದೆ, ಒಳಗಿನ ತೇವಕ್ಕೆ ಗುಳ್ಳೆಯೆದ್ದು ಸುಲಿಯುತ್ತದೆ. ಆಮೇಲೆ ಅದನ್ನು ಕೆರೆಯುತ್ತಾ ಕೂರುವುದು ಯಾರಿಗೆ ಬೇಕು? ಅರೆಪಾರದರ್ಶಕ ಸ್ಟೇನು ನಮ್ಮ ಗೇರೆಣ್ಣೆಯ ಹಾಗೆ ಮರದೊಳಗೆ ಇಳಿಯುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ತೊಳೆದು ಮತ್ತೆ ಹಚ್ಚಿದರಾಯಿತು. ಆದರೆ ಔಷಧಿ ಹೊಡೆದ ಪೈನ್ ಅಂಗಡಿಯಿಂದ ಬರುವಾಗ ಹಸಿಯಾಗಿರುತ್ತದೆ, ಒಣಗಲು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹೀರಿಕೊಂಡರೆ ಬ್ರಷ್ ಎತ್ತಿ, ಮುತ್ತಿನಂತೆ ನಿಂತರೆ ಕಾಯಿರಿ. ಸುಡುಬಿಸಿಲಲ್ಲಿ ಹಚ್ಚಬೇಡಿ, ಮರ ಹೀರುವ ಮೊದಲೇ ಒಣಗಿ ಪಟ್ಟೆಪಟ್ಟೆ ಕಾಣುತ್ತದೆ. ಡಬ್ಬಿಯಿಂದ ಡಬ್ಬಿಗೆ ಬಣ್ಣ ತುಸು ಬದಲಾಗುವುದುಂಟು, ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ. ಹಲಗೆಯ ಕೊಯ್ದ ತುದಿಗಳಿಗೆ ಎರಡು ಸಲ ಹಚ್ಚಿ, ನೀರು ಕುಡಿಯುವುದೇ ಅಲ್ಲಿಂದ.

ಎಣ್ಣೆ ಸ್ಟೇನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬೇಡಿ. ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಕಿತ್ತ ಹಳೇ ಬೇಲಿ ಊರಲ್ಲಾದರೆ ನೇರ ಬಚ್ಚಲೊಲೆಗೆ. ಅಮೆರಿಕದಲ್ಲಿ ಹಿತ್ತಿಲ ಬೆಂಕಿಗುಂಡಿಗೂ ಹಾಕಬೇಡಿ: 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇದ್ದ ಔಷಧಿ ಹೊಡೆಯುತ್ತಿದ್ದರು, ಹೊಗೆಯೂ ಬೂದಿಯೂ ವಿಷ. ಎಲ್ಲಿ ಹಾಕಬೇಕೆಂದು ಸಿಟಿಯ ಕಸದ ವಿಭಾಗದವರನ್ನು ಕೇಳಿ.