ಕಾಯಿಲೆಯ ಹೆಸರು ಬೇಡ, ಆಗುತ್ತಿರುವುದನ್ನು ಹೇಳಿ

ಮಳೆಗಾಲದ ಸಂಜೆ ಮುಂಬಯಿಯ ವಡಾಲಾದ ನನ್ನ ಕ್ಲಿನಿಕ್ಕಿನ ಬೆಂಚು ತುಂಬುವುದು ಜ್ವರದವರಿಂದಲೇ. ಒಳಗೆ ಬಂದು ಕೂರುತ್ತಲೇ ಒಬ್ಬರು ‘ಡಾಕ್ಟ್ರೇ, ವೈರಲ್ ಆಗಿದೆ’ ಅನ್ನುತ್ತಾರೆ. ಇನ್ನೊಬ್ಬರಿಗೆ ‘ಗ್ಯಾಸ್’. ಮತ್ತೊಬ್ಬರಿಗೆ ‘ಹಳೇ ಟೈಫಾಯಿಡ್ ಮತ್ತೆ ಎದ್ದಿದೆ’. ಕಾಯಿಲೆಯ ಹೆಸರನ್ನು ಅವರೇ ಇಟ್ಟಮೇಲೆ ನನಗೆ ಉಳಿಯುವುದು ಚೀಟಿ ಬರೆಯುವ ಕೆಲಸ ಮಾತ್ರ! ನಿಜ ಹೇಳಬೇಕೆಂದರೆ ಕಾಯಿಲೆ ಹಿಡಿಯುವ ಕೆಲಸದ ದೊಡ್ಡ ಪಾಲು ನೀವು ಹೇಳುವ ಮಾತಿನಲ್ಲೇ ಇದೆ. ಅದನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬರುವುದು ಹೀಗೆ.

ಮೊದಲು ಜ್ವರ ಅಳೆದು, ಗಂಟೆಯ ಜೊತೆ ಬರೆದಿಡಿ. ಕಂಕುಳಲ್ಲಿ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಹಣೆಗೆ ಹಿಡಿಯುವ ಅಗ್ಗದ ಗನ್ನು ನನಗೆ ಆಗಿಬರುವುದಿಲ್ಲ. ಫ್ಯಾನಿನ ಕೆಳಗೆ ಒಂದು ತೋರಿಸುತ್ತದೆ, ಬಿಸಿಲಿನಿಂದ ಬಂದಾಗ ಇನ್ನೊಂದು.

ಎರಡನೆಯದು, ದಿನ ಎಣಿಸುವುದು. ‘ಎರಡು ಮೂರು ದಿನದಿಂದ’ ಅನ್ನಬೇಡಿ. ಎರಡೋ ಮೂರೋ? ಡೆಂಗಿಯ ಎನ್‌ಎಸ್1 ರಕ್ತಪರೀಕ್ಷೆ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಹೇಳುತ್ತದೆ, ಆಮೇಲೆ ಐಜಿಎಂ ಅನ್ನುವ ಇನ್ನೊಂದು ಪರೀಕ್ಷೆ ನೋಡಬೇಕು. ದಿನ ತಪ್ಪಿದರೆ ಪರೀಕ್ಷೆಯೂ ತಪ್ಪುತ್ತದೆ. ನೆನಪಾಗದಿದ್ದರೆ ಯಾವುದಾದರೂ ಘಟನೆಗೆ ಗಂಟು ಹಾಕಿ: ‘ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಚಳಿ ಶುರುವಾಯಿತು.’ ಇಷ್ಟಾದರೆ ಸಾಕು.

ಈಗ ಮೂರನೆಯದು. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕನ್ನಡದ ಮಾತು ಮುಂಬಯಿಯ ಹಿಂದಿ, ಮರಾಠಿಗೆ ಹೋಗುವಾಗ ಅರ್ಥ ಬದಲಾಯಿಸಿಬಿಡುತ್ತದೆ. ಮಗನ ಮನೆಗೆ ಕುಂದಾಪುರದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಬೇರೆ ಕಡೆ ತೋರಿಸಿ, ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಅಜ್ಜಿ ಹೇಳಿದ್ದು ‘ಥಂಡಿ ಆಗಿದೆ’ ಅಂತ. ಊರ ಕಡೆ ಅದರ ಅರ್ಥ ಮೂಗು ಸೋರುವ ಶೀತ. ಮೊಮ್ಮಗ ಅಲ್ಲಿನ ಡಾಕ್ಟರಿಗೆ ಅದನ್ನು ಹಾಗೇ ‘ಥಂಡಿ’ ಅಂದ. ಮರಾಠಿಯಲ್ಲಿ ‘ಥಂಡಿ ವಾಜತೆ’ ಅಂದರೆ ಮೈ ನಡುಗುವ ಚಳಿ. ಚಳಿ ಅಂದಮೇಲೆ ಮಲೇರಿಯಾ ಪರೀಕ್ಷೆ ಬರೆಯದೆ ಇರುತ್ತಾರಾ? ಆ ಡಾಕ್ಟರದ್ದು ತಪ್ಪಲ್ಲ.

‘ಸುಸ್ತು’ ಕೂಡ ಹಾಗೇ. ನಮಗೆ ಅದು ಬಲ ಇಲ್ಲದಿರುವುದು, ಹಿಂದಿಯಲ್ಲಿ ಸುಸ್ತ್ ಅಂದರೆ ಸೋಮಾರಿ. ‘ಕಮ್ಜೋರಿ’ ಅನ್ನಿ. ಅದಕ್ಕಿಂತ ಒಳ್ಳೆಯದು ಕೆಲಸ ಹಿಡಿದು ಹೇಳುವುದು: ‘ಮೊನ್ನೆವರೆಗೆ ಮೂರು ಮಹಡಿ ಹತ್ತುತ್ತಿದ್ದೆ, ಇವತ್ತು ಒಂದಕ್ಕೇ ಕೂತುಬಿಟ್ಟೆ.’

ಇನ್ನು ‘ಚಕ್ಕರ್’. ಕನ್ನಡದಲ್ಲಿ ಇದಕ್ಕೆ ಎರಡು ಮಾತಿವೆ, ಎರಡೂ ಚಿನ್ನದಂಥವು. ಕೋಣೆಯೇ ಗರಗರ ತಿರುಗಿದರೆ ತಲೆ ಸುತ್ತು. ನಾನು ಮೊದಲು ಒಳಗಿವಿಯ ಕಡೆ ನೋಡುತ್ತೇನೆ. ಎದ್ದು ನಿಂತ ಕೂಡಲೇ ಬಿದ್ದುಬಿಡುವ ಹಾಗಾದರೆ ಕಣ್ಣು ಕತ್ತಲೆ. ಆಗ ಬಿಪಿ, ನೀರಿನಂಶ, ರಕ್ತ ಕಡಿಮೆಯಾಗಿದೆಯಾ ಎಂದು ನೋಡುತ್ತೇನೆ. ಹಿಂದಿಗೆ ಹೋದರೆ ಎರಡೂ ಒಂದೇ ‘ಚಕ್ಕರ್’. ಅದಕ್ಕೇ ಕೈ ತಿರುಗಿಸಿ ತೋರಿಸಿ, ನಾಚಿಕೆ ಬೇಡ.

‘ಗ್ಯಾಸ್’ ಪದವನ್ನಂತೂ ಕ್ಲಿನಿಕ್ಕಿನ ಹೊರಗೇ ಬಿಟ್ಟು ಬನ್ನಿ. ಎದೆ ಉರಿಯುತ್ತದೋ, ಹಿಂಡಿದ ಹಾಗಿದೆಯೋ, ಕಲ್ಲಿಟ್ಟ ಹಾಗೆ ಭಾರವೋ? ನಡೆದಾಗ ಜಾಸ್ತಿಯಾಗಿ ನಿಂತಾಗ ಕಡಿಮೆಯಾಗುತ್ತದಾ? ಎಡಗೈಗೆ, ದವಡೆಗೆ ಹರಿಯುತ್ತದಾ? ಹಿಂಡುವ ನೋವಿನ ಜೊತೆ ತಣ್ಣನೆ ಬೆವರು ಬಂದರೆ ನನ್ನ ಬೆಂಚಿನ ಮೇಲೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದ ಹೆಂಗಸರಿಗೆ ಕೆಲವೊಮ್ಮೆ ಎದೆ ನೋವೇ ಇರುವುದಿಲ್ಲ. ಬರೀ ಏದುಸಿರು, ಬೆವರು, ಸುಸ್ತು. ‘ಸೋಡಾ ಕುಡಿಸಿದೆವು, ತೇಗು ಬಂತು’ ಅಂತ ಸಮಾಧಾನ ಮಾಡಿಕೊಂಡು ಅರ್ಧ ರಾತ್ರಿ ಕಳೆದವರನ್ನು ನೋಡಿದ್ದೇನೆ.

ಜ್ವರದ ಚಳಿಯನ್ನೂ ಬಿಡಿಸಿ ಹೇಳಿ. ಹಲ್ಲು ಕಟಕಟ ಅನ್ನುವಷ್ಟು ಚಳಿ, ಆಮೇಲೆ ಕಾವು, ಆಮೇಲೆ ಬನಿಯನ್ ಒದ್ದೆಯಾಗುವ ಬೆವರು, ಅದೂ ಒಂದು ದಿನ ಬಿಟ್ಟು ಒಂದು ದಿನ ಅಂದರೆ ಮಲೇರಿಯಾ ಹತ್ತಿರ ಬಂತು. ಆದರೆ ಎಲ್ಲ ಮಲೇರಿಯಾ ಹೀಗೆ ಲೆಕ್ಕ ಹಾಕಿಕೊಂಡು ಬರುವುದಿಲ್ಲ. ಒಂದು ಸಲ ರಕ್ತದಲ್ಲಿ ಸಿಗಲಿಲ್ಲ ಅಂತ ಬಿಡುವಂತೆಯೂ ಇಲ್ಲ. ಕಣ್ಣುಗುಡ್ಡೆಯ ಹಿಂದೆ ನೋವು, ಮೈಯೆಲ್ಲ ಮುರಿದ ಹಾಗಿದ್ದರೆ ಡೆಂಗಿಯ ಅನುಮಾನ. ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ? ಆಗ ನಾನು ಕೇಳುವುದು ಒಂದೇ ಪ್ರಶ್ನೆ: ನೀರಲ್ಲಿ ನಡೆದಿದ್ದಿರಾ?

ಎಲ್ಲರೂ ‘ಇಲ್ಲ’ ಅನ್ನುತ್ತಾರೆ. ಯಾಕೆಂದರೆ ನಿನ್ನೆಯದನ್ನು ಮಾತ್ರ ನೆನೆಸಿಕೊಳ್ಳುತ್ತಾರೆ. ಇಲಿ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ ಬಿಟ್ಟು ತಲೆ ಎತ್ತುತ್ತದೆ. ಹಾಗಾಗಿ ಎರಡು ವಾರ ಹಿಂದಕ್ಕೆ ಹೋಗಿ. ಮಳೆನೀರು ನಿಲ್ಲುವ ಹಿಂದ್‌ಮಾತಾದಲ್ಲೋ ಕಿಂಗ್ಸ್ ಸರ್ಕಲ್‌ನಲ್ಲೋ ಪ್ಯಾಂಟು ಮಡಚಿಕೊಂಡು ದಾಟಿದ್ದು ನೆನಪಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅದರ ಹಿಂದೆಯೇ ಈ ಜ್ವರವೂ ಊರು ತುಂಬಾ ಹಬ್ಬಿತ್ತು. ನೀರಲ್ಲಿ ನಡೆದ ದಿನವೇ, ಹೆಚ್ಚೆಂದರೆ ಮೂರು ದಿನದೊಳಗೆ, ಡಾಕ್ಟರನ್ನು ಕಂಡು ತಡೆಯುವ ಮಾತ್ರೆ ಬೇಕಾ ಅಂತ ಕೇಳಿಬಿಡಿ. ಕಾಲಲ್ಲಿ ಗಾಯ ಇದ್ದರಂತೂ ತಪ್ಪಿಸಬೇಡಿ.

ನಾಲ್ಕನೆಯದು ಸುಲಭ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಎಲ್ಲ ಚೀಲಕ್ಕೆ ಹಾಕಿ ತನ್ನಿ. ‘ಬಿಳಿ ಮಾತ್ರೆ’ ಅಂದರೆ ನನಗೆ ತಿಳಿಯುವುದಿಲ್ಲ. ಮೆಡಿಕಲ್‌ನವರು ಕೊಡುವ ನೆಗಡಿ ಮಾತ್ರೆಯ ಒಳಗೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಅದರ ಮೇಲೆ ಜ್ವರದ ಮಾತ್ರೆ ಬೇರೆ ನುಂಗಿದರೆ ಡೋಸ್ ಎರಡು ಪಟ್ಟು. ಡೆಂಗಿ ಅಲ್ಲ ಅಂತ ತಿಳಿಯುವವರೆಗೆ ಮೈಕೈ ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ನೀವಾಗಿ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾದೀತು. ಹೃದಯಕ್ಕೆಂದು ಆಸ್ಪಿರಿನ್ ಮೊದಲಿಂದ ನಡೆಯುತ್ತಿದ್ದರೆ ಅದನ್ನೂ ಹೇಳಿ, ನಿಲ್ಲಿಸುವುದು ಬಿಡುವುದು ಡಾಕ್ಟರ್ ನೋಡಿಕೊಳ್ಳುತ್ತಾರೆ.

ಪರೀಕ್ಷೆ ಆಮೇಲೆ. ಆಫರಿನ ‘ಫೀವರ್ ಪ್ಯಾಕೇಜ್’ ಮಾಡಿಸಿಕೊಂಡೇ ಬರುವವರಿದ್ದಾರೆ. ಎರಡನೇ ದಿನಕ್ಕೇ ಟೈಫಾಯಿಡಿಗೆ ಮಾಡುವ ವಿಡಾಲ್ ಪರೀಕ್ಷೆ ಪಾಸಿಟಿವ್, ಅಂದರೆ ಟೈಫಾಯಿಡ್ ಅಂತ ಗಾಬರಿ. ಹಿಂದೆಂದೋ ಬಂದು ಹೋದ ಜ್ವರಕ್ಕೂ ಅದು ಪಾಸಿಟಿವ್ ತೋರಿಸಬಹುದು. ಮೊದಲ ವಾರ ಟೈಫಾಯಿಡ್ ಹಿಡಿಯಲು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮೇಲು, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲು.

ಜ್ವರ ಇಳಿದ ಮೇಲೂ ಒಂದು ಕೆಲಸ ಬಾಕಿ ಇದೆ. ಡೆಂಗಿ ಕೈಕೊಡುವುದು ಜ್ವರ ಏರಿದಾಗ ಅಲ್ಲ, ಇಳಿದ ಹೊತ್ತಿಗೆ, ಹೆಚ್ಚಾಗಿ ಮೂರರಿಂದ ಏಳನೇ ದಿನದೊಳಗೆ. ‘ಜ್ವರ ಬಿಟ್ಟಿದೆ ಸರ್’ ಅಂತ ಹೋಟೆಲಿನ ಹುಡುಗರು ಮರುದಿನವೇ ಡ್ಯೂಟಿಗೆ ಹೋಗುತ್ತಾರೆ. ಪಪ್ಪಾಯಿ ಎಲೆ ರಸ ಕುಡಿಯುತ್ತಾ ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ಕಾಯುತ್ತಾರೆ. ನಾವು ರಕ್ತದ ನೀರಿನಂಶ ಕಡಿಮೆಯಾಗಿ ಅದು ಮಂದವಾಗುತ್ತಿದೆಯಾ ಅಂತಲೂ ನೋಡುತ್ತೇವೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗಿ ಮಂಕು ಕವಿಯುವುದು, ಇವುಗಳಲ್ಲಿ ಒಂದಿದ್ದರೂ ನನ್ನ ಕ್ಲಿನಿಕ್ ತೆರೆಯುವ ತನಕ ಕಾಯಬೇಡಿ. ರಾತ್ರಿ ಎರಡಾಗಿದ್ದರೂ ಬೆಡ್ ಇರುವ ಆಸ್ಪತ್ರೆಗೇ ಹೋಗಿ, ಒಳಗೆ ಕಾಲಿಟ್ಟ ಕೂಡಲೇ ‘ಜ್ವರ ಶುರುವಾಗಿ ಇವತ್ತಿಗೆ ಇಷ್ಟನೇ ದಿನ’ ಅಂತ ಹೇಳಿ.